ಆಲೆಮನೆ ಗಾಣವನ್ನು ಟ್ರೈಲರ್‌ನಲ್ಲಿ ತಂದದ್ದು: ನನ್ನ ಅನುಭವ

ಕಬ್ಬಿನ ಟ್ರೈಲರ್ ನೋಡಿ ನೋಡಿ ನಮ್ಮ ಮಂಡ್ಯದವರ ಕಣ್ಣಿಗೆ ಒಂದು ಅಭ್ಯಾಸ ಬಿದ್ದಿದೆ. ಜಲ್ಲೆ ಎರಡೂ ಕಡೆ ಚಾಚಿಕೊಂಡಿದ್ದರೆ ಲೋಡು ಜಾಸ್ತಿ ಅನ್ನುತ್ತೇವೆ. ಅದೇ ಟ್ರೈಲರ್ ನಡುವೆ ಒಂದು ಗಾಣ ಕೂತಿದ್ದರೆ, ಇನ್ನೂ ಜಾಗ ಇದೆಯಲ್ಲ, ಅದನ್ನು ತಿರುಗಿಸುವ ಎಂಜಿನ್ನೂ ಹಾಕಿಬಿಡಿ ಅನ್ನುತ್ತೇವೆ. ಎರಕದ ಕಬ್ಬಿಣ ನೀರಿಗಿಂತ ಏಳು ಪಟ್ಟು ಭಾರ. ಅದರ ಮುಂದೆ ಕಣ್ಣಳತೆ ನಡೆಯುವುದಿಲ್ಲ.

ಮದ್ದೂರು ಕಡೆ ಆಲೆಮನೆ ನಿಲ್ಲಿಸಿದವರೊಬ್ಬರಿಂದ ಹಳೇ ಮೂರು ರೋಲರ್ ಗಾಣ ತಗೊಂಡೆ. ಪಾಂಡವಪುರ ಕಡೆಯ ನಮ್ಮ ಹಳ್ಳಿಗೆ ತರಬೇಕಿತ್ತು. ಎಷ್ಟು ತೂಕ ಅಂದರೆ, 'ಎರಡು ಟನ್ ಇರಬಹುದು' ಅಂದರು. ಹತ್ತು ವರ್ಷ ಅದರಲ್ಲೇ ಕಬ್ಬು ಅರೆದವರಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ಕಾರಣವೂ ಇಲ್ಲ ಬಿಡಿ, ಕೂರಿಸಿದ ಮೇಲೆ ಅದನ್ನು ಎತ್ತುವವರು ಯಾರು?

ಮೊದಲು ಟ್ರೈಲರ್‌ನ ಆರ್‌ಸಿ, ಅಂದರೆ ನೋಂದಣಿ ಪತ್ರ, ತೆಗೆದು ನೋಡಿದೆ. ಅದರಲ್ಲಿ ಎರಡು ತೂಕ ಇರುತ್ತವೆ. ಒಂದು ಖಾಲಿ ತೂಕ, ಇನ್ನೊಂದು ಲೋಡು ಸೇರಿದ ಒಟ್ಟು ತೂಕ. ನನ್ನದು ಎರಡು ಚಕ್ರದ ಟ್ರೈಲರ್. ಖಾಲಿ 1,400 ಕೆ.ಜಿ, ಒಟ್ಟು 4,900 ಕೆ.ಜಿ. ಅಂದರೆ ಮೇಲೆ ಹಾಕಬಹುದಾದದ್ದು 3,500 ಮಾತ್ರ. 'ಐದು ಟನ್ ಟ್ರೈಲರ್' ಅಂತ ಬಾಯಲ್ಲಿ ಹೇಳಿಕೊಂಡು ಓಡಾಡುವವರು ಮೇಲೆಯೇ ಐದು ಟನ್ ಹಾಕುತ್ತಾರೆ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸ ಅಲ್ಲ ಇದು.

ಇನ್ನು ಗಾಣವನ್ನು ಎಲ್ಲಿ ಇಡಬೇಕು ಅನ್ನುವುದು. ಜನ ಇದಕ್ಕೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಎರಡು ಚಕ್ರದ ಟ್ರೈಲರ್ ಅಂದರೆ ತಕ್ಕಡಿ ಇದ್ದ ಹಾಗೆ, ಎರಡು ಚಕ್ರ ಸೇರಿಸುವ ಅಚ್ಚೇ ಅದರ ನಡು. ಭಾರ ಅಚ್ಚಿಗಿಂತ ಹಿಂದೆ ಬಿದ್ದರೆ ಮೂತಿ ಮೇಲೇಳುತ್ತದೆ, ಟ್ರ್ಯಾಕ್ಟರ್‌ನ ಹಿಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ, ಟ್ರೈಲರ್ ಬಾಲ ಅಲ್ಲಾಡಿಸತೊಡಗುತ್ತದೆ. ತೀರಾ ಮುಂದೆ ಬಿದ್ದರೆ ಟ್ರೈಲರ್ ಸಿಕ್ಕಿಸುವ ಹುಕ್ ಮೇಲೆ ಕೂತು ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೆ ಹೋಗುತ್ತದೆ.

ನನ್ನ ಟ್ರೈಲರ್‌ನಲ್ಲಿ ಹುಕ್‌ನಿಂದ ಅಚ್ಚಿಗೆ ಹತ್ತು ಅಡಿ. ಹಾಗಾಗಿ ಲೆಕ್ಕ ಸುಲಭ. ಭಾರವನ್ನು ಅಚ್ಚಿನಿಂದ ಒಂದು ಅಡಿ ಮುಂದೆ ಇಟ್ಟರೆ ಅದರ ಹತ್ತನೇ ಒಂದು ಭಾಗ ಹುಕ್ ಮೇಲೆ ಬರುತ್ತದೆ. ಒಂದೂವರೆ ಅಡಿ ಇಟ್ಟರೆ ನೂರಕ್ಕೆ ಹದಿನೈದು. ಅಷ್ಟು ಸಾಕು ಅಂತ ಟ್ರೈಲರ್ ತಳದ ಮೇಲೆ, ಅಚ್ಚಿನಿಂದ ಒಂದೂವರೆ ಅಡಿ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಆದರೆ ಗಾಣದ ನಡು ಎಲ್ಲಿ? ಅಳತೆ ಟೇಪಿನ ನಡು ಬೇರೆ, ತೂಕದ ನಡು ಬೇರೆ. ದೊಡ್ಡ ಹಲ್ಲಿನ ಚಕ್ರ ಇರುವ ಕಡೆ ಯಾವಾಗಲೂ ಭಾರ ಜಾಸ್ತಿ. ಇದಕ್ಕೆ ಹೈಡ್ರಾ ಕ್ರೇನ್ ಕರೆಸಿದ್ದು ಒಳ್ಳೆಯದಾಯಿತು. ಬೆಲ್ಟ್ ಹಾಕಿ ನೆಲದಿಂದ ಒಂದು ಗೇಣು ಮಾತ್ರ ಎತ್ತಿಸಿದೆ. ಗೇರ್ ಕಡೆ ವಾಲಿತು. ಇಳಿಸಿ, ಬೆಲ್ಟನ್ನು ಆ ಕಡೆಗೆ ಸರಿಸಿ, ಮತ್ತೆ ಎತ್ತಿಸಿದೆ. ವಾಲದೆ ಸಮನಾಗಿ ನಿಂತಾಗ ಕ್ರೇನ್ ಕೊಕ್ಕೆಯ ನೇರಕ್ಕೆ ಕೆಳಗೆ ಬರುವ ಜಾಗವೇ ತೂಕದ ನಡು. ಮತ್ತೆ ಇಳಿಸಿದ ಮೇಲೆ ಗಾಣದ ಚೌಕಟ್ಟಿನ ಮೇಲೆ ಅಲ್ಲೊಂದು ಗುರುತು ಹಾಕಿದೆ. ಆ ಗುರುತು ಟ್ರೈಲರ್‌ನ ಗೆರೆ ಮೇಲೆ ಬರುವ ಹಾಗೆ ಕೂರಿಸಿದೆವು. ಕ್ರೇನ್‌ನವನಿಗೆ ಸ್ವಲ್ಪ ಬೇಜಾರಾಯಿತು, ಬೀಡಿ ಹಚ್ಚಿಕೊಂಡು ಕಾದ.

ಗಾಣದ ಕೆಳಗೆ ಎರಡು ಉದ್ದದ ಮರದ ದಿಮ್ಮಿ ಹಾಕಿದ್ದೆ. ಇಲ್ಲದಿದ್ದರೆ ಅಷ್ಟು ಭಾರ ನಾಲ್ಕು ಕಾಲಿನ ಮೇಲೆ ನಿಂತು ತಳದ ತಗಡನ್ನು ಒತ್ತುತ್ತದೆ. ದಿಮ್ಮಿ ಇದ್ದರೆ ಕೆಳಗಿನ ಚಾನೆಲ್‌ಗಳ ಮೇಲೆ ಹರಡುತ್ತದೆ. ನಾಲ್ಕು ಮೂಲೆಗೂ ಬೇರೆ ಬೇರೆ ಚೈನ್, ಮುಂದಕ್ಕೆ ಎರಡು, ಹಿಂದಕ್ಕೆ ಎರಡು. ಕಟ್ಟಿದ್ದು ಚಾಸಿಗೆ, ಪಕ್ಕದ ಡೋರಿಗೆ ಅಲ್ಲ. ಹಗ್ಗ ಬೇಡವೇ ಬೇಡ.

ಅಲ್ಲಿಂದ ಸೀದಾ ವೇಬ್ರಿಡ್ಜ್‌ಗೆ. ನಮ್ಮ ಜಿಲ್ಲೆಯಲ್ಲಿ ಕಬ್ಬು ಬೆಲ್ಲದ ದೆಸೆಯಿಂದ ವೇಬ್ರಿಡ್ಜ್‌ಗೆ ಬರ ಇಲ್ಲ. ಹೋಗುವಾಗಲೇ ಟ್ರ್ಯಾಕ್ಟರ್ ಒಂದನ್ನೇ ತೂಗಿಸಿಟ್ಟಿದ್ದೆ, 2,150. ಮುಂದಿನ ಚಕ್ರ ಮಾತ್ರ ತೂಗುಪಟ್ಟಿಯ ಮೇಲೆ ಇಟ್ಟಾಗ 850. ಈಗ ಪೂರ್ತಿ ಗಾಡಿ ತೂಗಿದರೆ 6,400. ಟ್ರ್ಯಾಕ್ಟರ್, ಟ್ರೈಲರ್ ಕಳೆದರೆ ದಿಮ್ಮಿ ಚೈನ್ ಸೇರಿ 2,850. ಎರಡು ಟನ್ ಅಂದಿದ್ದರಲ್ಲ! ಆಮೇಲೆ ಟ್ರೈಲರ್ ಚಕ್ರ ಹೊರಗೆ ಉಳಿಸಿ, ಟ್ರ್ಯಾಕ್ಟರ್ ಮಾತ್ರ ಪಟ್ಟಿಯ ಮೇಲೆ ನಿಲ್ಲಿಸಿದೆ. 2,680 ತೋರಿಸಿತು. 2,150 ಕಳೆದರೆ ಹುಕ್ ಮೇಲೆ 530 ಕೆ.ಜಿ. ಇಷ್ಟನ್ನು ಹುಕ್ ತಡೆಯುತ್ತದಾ ಅಂತ ಕಂಪನಿ ಕೊಟ್ಟ ಪುಸ್ತಕದಲ್ಲಿ ಮೊದಲೇ ನೋಡಿಕೊಂಡಿದ್ದೆ. ಮುಂದಿನ ಚಕ್ರ 690ಕ್ಕೆ ಇಳಿದಿತ್ತು. ಟ್ರ್ಯಾಕ್ಟರ್ ತೂಕದ ಐದರಲ್ಲಿ ಒಂದು ಭಾಗವಾದರೂ ಮುಂದೆ ಇರಬೇಕು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು 430, ಹಾಗಾಗಿ ತೊಂದರೆ ಇಲ್ಲ.

ಉಳಿದ 3,720 ಕೆ.ಜಿ ಟ್ರೈಲರ್‌ನ ಎರಡು ಟೈರ್ ಮೇಲೆ, ಒಂದೊಂದಕ್ಕೆ 1,860. ಟೈರ್ ಪಕ್ಕದಲ್ಲಿ ಅದರ ಶಕ್ತಿ ಬರೆದಿರುತ್ತದೆ. ಆದರೆ ಅದು ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ. ಲೋಡು ಹಾಕುವ ಮುಂಚೆಯೇ ಗಾಳಿ ಹಿಡಿಸಿದ್ದೆ.

ಹಾಗಾದರೆ ಇನ್ನೂ 650 ಕೆ.ಜಿ ಹಾಕಬಹುದಿತ್ತು ಅಲ್ವಾ? ಎಂಜಿನ್ ಅರ್ಧ ಟನ್ ಅಂದುಕೊಂಡರೂ ಕಾಗದದ ಮೇಲೆ ಹಿಡಿಯುತ್ತದೆ. ನಾನು ಹಾಕಲಿಲ್ಲ. ಯಾಕೆಂದರೆ ನನ್ನ ಟ್ರೈಲರ್‌ಗೆ ಬ್ರೇಕ್ ಇಲ್ಲ, ನಮ್ಮ ಕಡೆ ಹೆಚ್ಚಿನವಕ್ಕೆ ಇರುವುದಿಲ್ಲ. ಈಗಲೇ 2,150 ಕೆ.ಜಿ ಟ್ರ್ಯಾಕ್ಟರ್ ಹಿಂದೆ 4,250 ಕೆ.ಜಿ ಇದೆ. 45 ಎಚ್‌ಪಿ ಇದನ್ನು ಆರಾಮಾಗಿ ಎಳೆಯುತ್ತದೆ, ಅದೇ ಅಪಾಯ. ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಹಿಂದಿನದು ಮುಂದಿನದನ್ನು ತಳ್ಳುತ್ತದೆ, ತಿರುವಿದ್ದರೆ ಮಡಚಿಹಾಕುತ್ತದೆ. ಆರ್‌ಸಿ ಹೇಳುವುದು ಟ್ರೈಲರ್ ಹೊರುವ ಮಿತಿ. ನಿಲ್ಲಿಸುವ ಮಿತಿ ಇನ್ನೂ ಕೆಳಗಿದೆ.

ದಾರಿಯ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ, ಹಾಗಾಗಿ ಗೆಜ್ಜಲಗೆರೆ ಮೇಲೆ ಸರ್ವಿಸ್ ರಸ್ತೆಯಲ್ಲೇ ಬಂದೆ. ಎಡ ಬಲ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡಿದ್ದೆ. ಒಂದೇ ಕಡೆ ಬ್ರೇಕ್ ಬಿದ್ದರೆ ಅಲ್ಲೇ ತಿರುಗಿಬಿಡುತ್ತದೆ. ಗಂಟೆಗೆ 15 ಕಿ.ಮೀ ಮೀರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ನಿಲ್ಲಿಸಿ ನೋಡಿದರೆ ಹಿಂದಿನ ಎರಡು ಚೈನ್ ಸಡಿಲ ಆಗಿದ್ದವು, ದಿಮ್ಮಿ ಒತ್ತಿಕೊಂಡು ಕೂತಿತ್ತು. ಬಿಗಿ ಮಾಡಿದೆ.

ಮನೆ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ದಾರಿ ಹತ್ತಿರ ಆಗುತ್ತಿತ್ತು. ಅಲ್ಲಿ ಹೋಗಲಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ನಾಲೆಗೆ ಬಿದ್ದದ್ದನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಮರೆತಿಲ್ಲ. ಬಳಸಿಕೊಂಡು ಬರುವ ದಾರಿಯಲ್ಲಿ ಒಂದು ಇಳಿಜಾರು ಇದೆ. ಇಳಿಯುವ ಮುಂಚೆ, ಮೇಲೆಯೇ ನಿಂತು ಕೆಳಗಿನ ಗೇರ್ ಹಾಕಿಕೊಂಡೆ. ಕ್ಲಚ್ ಮುಟ್ಟದೆ ಇಳಿದೆ. ಡೀಸೆಲ್ ಉಳಿಯುತ್ತೆ ಅಂತ ಸುಮ್ನೆ ನ್ಯೂಟ್ರಲ್ ಹಾಕುವವರಿದ್ದಾರೆ, ಅವರ ಹಿಂದೆ ಬೈಕ್ ಕೂಡ ಓಡಿಸಬಾರದು.

ಗಾಣ ಅಲ್ಲಾಡದ ಹಾಗೆ ಹಿಡಿದುಕೊಳ್ಳುತ್ತೇವೆ ಅಂತ ಇಬ್ಬರು ಹುಡುಗರು ಟ್ರೈಲರ್ ಹತ್ತಿದ್ದರು. ಮೂರು ಟನ್ನಿನ ಹತ್ತಿರದ್ದನ್ನು ಕೈಯಲ್ಲಿ ಹಿಡಿಯುವವರು! ಇಳಿಸಿ ಬೈಕಲ್ಲಿ ಹಿಂದೆ ಬರಲು ಹೇಳಿದೆ. ಎಂಜಿನ್, ಪುಲ್ಲಿ, ಎರಡು ಕೊಪ್ಪರಿಗೆ ಮಾರನೇ ದಿನ ಬೇರೆ ಲೋಡಲ್ಲಿ ಬಂದವು. ಅದಕ್ಕೆ ಒಂದು ದಿನದ ಡೀಸೆಲ್ ಜಾಸ್ತಿ ಖರ್ಚಾಯಿತು.