ಕನ್ನಡ ಕುಗ್ಗುತ್ತಿದೆಯೇ? ವಾದಕ್ಕೆ ಕೂರುವ ಮುಂಚೆ ನಾನು ಬರೆದುಕೊಳ್ಳುವ ಹಾಳೆ

'ಕನ್ನಡ ಮಾತಾಡುವವರು ಕಡಿಮೆಯಾಗುತ್ತಿದ್ದಾರೆ' ಎನ್ನುತ್ತಾರೆ ಒಬ್ಬರು. 'ಎಲ್ಲಿ ಕಡಿಮೆ? ಹತ್ತು ವರ್ಷದಲ್ಲಿ 58 ಲಕ್ಷ ಜಾಸ್ತಿಯಾಗಿದ್ದಾರೆ' ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಕೈಯಲ್ಲೂ ಇರುವುದು ಜನಗಣತಿಯ ಅಂಕಿಯೇ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಅರ್ಧ ಗಂಟೆಯೊಳಗೆ ಮಾತು ಪಕ್ಷ, ಜಾತಿ, ಹುಟ್ಟೂರಿಗೆ ಬಂದು ನಿಲ್ಲುತ್ತದೆ. ನನ್ನ ಪದ್ಧತಿಯನ್ನು ಈ ಒಂದು ಜಗಳವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಒಂದು ಹಾಳೆಯ ಮೇಲೆ ವಾದವನ್ನು ಒಂದೇ ವಾಕ್ಯದಲ್ಲಿ ಬರೆಯುತ್ತೇನೆ. ನ್ಯಾಯಶಾಸ್ತ್ರದವರು (ಕಾನೂನಿನವರಲ್ಲ, ನಮ್ಮ ಹಳೆಯ ತರ್ಕಶಾಸ್ತ್ರದವರು) ಇದನ್ನು ಪ್ರತಿಜ್ಞೆ ಎನ್ನುತ್ತಾರೆ. ಆಣೆ ಎಂಬ ಅರ್ಥದಲ್ಲಲ್ಲ, ಸಾಧಿಸಬೇಕಾದ ಮಾತು ಎಂಬ ಅರ್ಥದಲ್ಲಿ. ಬರೆದಾದ ಮೇಲೆ ಎರಡು ಅರ್ಥ ಕೊಡಬಲ್ಲ ಪ್ರತಿ ಪದಕ್ಕೂ ಅಡಿಗೆರೆ. ನನ್ನ ಸಮಯದ ಅರ್ಧ ಇಲ್ಲೇ ಹೋಗುತ್ತದೆ, ಹೋಗಲಿ. 'ಕಡಿಮೆ' ಎಂದರೆ ತಲೆಯೆಣಿಕೆಯೋ, ದೇಶದಲ್ಲಿನ ಪಾಲೋ? 'ಮಾತಾಡುವವರು' ಎಂದರೆ ಕನ್ನಡ ಮಾತೃಭಾಷೆ ಎಂದು ಬರೆಸಿದವರೋ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡಿ ಬೀದಿಯಲ್ಲಿ ಕನ್ನಡ ಆಡುವವರೂ ಸೇರಿಯೋ? ಒಂದು ಪದದ ಎರಡು ಅರ್ಥದಲ್ಲಿ ಜಾರಿಕೊಳ್ಳುವುದಕ್ಕೆ ಹಳಬರು ವಾಕ್‌ಛಲ ಎಂದು ಹೆಸರಿಟ್ಟಿದ್ದರು. 'ನವ' ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ಹೊಸ ಕಂಬಳಿ ಎಂಬ ಅರ್ಥದಲ್ಲಿ 'ನವಕಂಬಲ ಹೊದ್ದಿದ್ದಾನೆ' ಎಂದರೆ 'ಒಂಬತ್ತು ಕಂಬಳಿ ಎಲ್ಲಿವೆ? ಇರುವುದು ಒಂದೇ' ಎಂದು ಎದುರಾಡುವುದು ಅದರ ಹಳೆಯ ಉದಾಹರಣೆ. 'ಕನ್ನಡಿಗ' ಎಂಬ ಪದವನ್ನಿಟ್ಟುಕೊಂಡು ನಾವು ದಿನಾ ಅದನ್ನೇ ಮಾಡುತ್ತೇವೆ.

ಆಮೇಲೆ ಅಂಕಿ. ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 2001ರಲ್ಲಿ 3.79 ಕೋಟಿ, 2011ರಲ್ಲಿ 4.37 ಕೋಟಿ: ಸುಮಾರು ಶೇ. 15.2 ಏರಿಕೆ. ದೇಶದಲ್ಲಿನ ಪಾಲು ಶೇ. 3.69ರಿಂದ 3.61ಕ್ಕೆ ಇಳಿದಿದೆ. ಅಂದರೆ ಇಬ್ಬರೂ ಸರಿ. ಒಬ್ಬರು ಛೇದವನ್ನು ಬಿಟ್ಟು ಮಾತಾಡಿದರು, ಇನ್ನೊಬ್ಬರು ಹಿಡಿದುಕೊಂಡು ಮಾತಾಡಿದರು, ಅಷ್ಟೇ. ಒಂದು ಎಚ್ಚರಿಕೆ: ಈ ಇಳಿಕೆಯನ್ನು 'ಶೇ. 0.08' ಎಂದವರೂ ಇದ್ದಾರೆ, 'ಶೇ. 2' ಎಂದವರೂ ಇದ್ದಾರೆ. 3.69ರಿಂದ 3.61 ಕಳೆದರೆ 0.08. ಆ 0.08 ಎಂಬುದು 3.69ರ ಸುಮಾರು ಶೇ. 2.2. ಯಾವುದನ್ನು ಹೇಳುತ್ತಿದ್ದೇವೆಂದು ಬಿಡಿಸಿ ಹೇಳದಿದ್ದರೆ ಎದುರಿನವರು ಅಲ್ಲೇ ಹಿಡಿಯುತ್ತಾರೆ, ಹಿಡಿಯಲೂಬೇಕು.

ಅಂಕಿ ಸಿಕ್ಕ ಕೂಡಲೇ ಅದನ್ನು ಎಣಿಸಿದ ಬಗೆಯನ್ನು ನೋಡುತ್ತೇನೆ. ಜನಗಣತಿಯ ಸಿ-16 ಕೋಷ್ಟಕ ಮಾತೃಭಾಷೆಯದ್ದು, ಎರಡನೆಯ ಮತ್ತು ಮೂರನೆಯ ಭಾಷೆಯಾಗಿ ಬಲ್ಲವರ ಲೆಕ್ಕ ಸಿ-17ರಲ್ಲಿ. ನೀಲಗಿರಿಯ ಬಡಗ ಕನ್ನಡದ ಲೆಕ್ಕಕ್ಕೆ ಸೇರುತ್ತದೆ, ತುಳು ಸೇರುವುದಿಲ್ಲ. ಹಾಗೆಯೇ ಹಿಂದಿಯ 52.8 ಕೋಟಿಯೊಳಗೆ ಭೋಜಪುರಿಯೇ 5 ಕೋಟಿ ಇದೆ. ಇದನ್ನು ತಿಳಿಯದೆ ಎರಡು ಭಾಷೆಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟರೆ ಸೇರನ್ನೂ ಪಾವನ್ನೂ ಒಂದೇ ಎಂದು ಅಳೆದಂತೆ.

ಇನ್ನು ಹೇತು, ಅಂದರೆ ಪ್ರತಿಜ್ಞೆಗೆ ಕೊಡುವ ಕಾರಣ. 'ಪಾಲು ಇಳಿದಿದೆ, ಆದ್ದರಿಂದ ಭಾಷೆ ಸಾಯುತ್ತಿದೆ' ಎಂಬ ಮಾತನ್ನು ಪರೀಕ್ಷಿಸಲು ನನ್ನ ಬಳಿ ಇರುವುದು ಒಂದೇ ಪ್ರಶ್ನೆ: ಈ ಕಾರಣ ಇದ್ದೂ ಆ ಫಲ ಇಲ್ಲದ ಕಡೆ ಉಂಟೇ? ಹೊಗೆ ಕಂಡರೆ ಬೆಂಕಿ ಇದೆ ಎನ್ನಲು ಅಡುಗೆಮನೆಯನ್ನು ತೋರಿಸಿದರೆ ಸಾಲದು, ಕೆರೆಯ ಮೇಲೆ ಹೊಗೆ ಏಳುವುದಿಲ್ಲ ಎಂಬುದನ್ನೂ ನೋಡಬೇಕು. ಅದೇ ದಶಕದಲ್ಲಿ ತಮಿಳು ಶೇ. 5.91ರಿಂದ 5.70ಕ್ಕೆ, ತೆಲುಗು 7.19ರಿಂದ 6.70ಕ್ಕೆ, ಮಲಯಾಳಂ 3.21ರಿಂದ 2.88ಕ್ಕೆ ಇಳಿದಿವೆ. ಮೂರೂ ಕನ್ನಡಕ್ಕಿಂತ ಹೆಚ್ಚು ಇಳಿದಿವೆ. ಮಲಯಾಳಂ ಸಾಯುತ್ತಿದೆ ಎನ್ನಲು ತಯಾರಿಲ್ಲದವರು ಈ ಹೇತುವನ್ನು ಕೈಬಿಡಬೇಕು. ಕಾರಣ ಬೇರೆ ಕಡೆ ಇದೆ: ಆ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಶೇ. 17.7 ಬೆಳೆಯಿತು, ಕರ್ನಾಟಕದ್ದು 15.6. ಕನ್ನಡ ಹೆಚ್ಚುಕಡಿಮೆ ರಾಜ್ಯದ ಜೊತೆಗೇ ಹೆಜ್ಜೆ ಹಾಕಿದೆ.

ಇಲ್ಲಿಗೇ 'ಗೆದ್ದೆ' ಎಂದು ಎದ್ದುಬಿಡುವುದು ದೊಡ್ಡ ತಪ್ಪು. ಹೇತು ಬಿದ್ದರೆ ಪ್ರತಿಜ್ಞೆಯೂ ಬಿದ್ದಂತೆ ಅಲ್ಲ. ಭಾಷೆ ಸೊರಗುತ್ತಿರಬಹುದು, ಅದಕ್ಕೆ ಬೇರೆ ಸಾಕ್ಷಿ ಇರಬಹುದು. ಹಾಗಾಗಿ ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ನಾನೇ ಬರೆಯುತ್ತೇನೆ: 'ತಲೆಯೆಣಿಕೆ ಬಿಡಿ, ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಬೆಂಗಳೂರಿನಲ್ಲಿ ವ್ಯವಹಾರ ಯಾವ ಭಾಷೆಯಲ್ಲಿದೆ ಎಂದು ನೋಡಿ.' ಅವರ ಮಾತಿಗಿಂತ ಇದು ಗಟ್ಟಿಯಾಗಿರಬೇಕು. 'ನೀವು ಹೇಳುತ್ತಿರುವುದು ಇದೇ ತಾನೆ?' ಎಂದು ಕೇಳುತ್ತೇನೆ. ಅವರು ಎರಡು ಸಲ ತಿದ್ದಿದರೆ ನನಗೆ ಅರ್ಥವಾಗಿಲ್ಲವೆಂದೇ ಲೆಕ್ಕ, ಮತ್ತೆ ಬರೆಯುತ್ತೇನೆ. ಪಕ್ಕದಲ್ಲೇ ಇನ್ನೊಂದು ಸಾಲು: ಯಾವ ಸಾಕ್ಷಿ ಕಂಡರೆ ನಾನು ಒಪ್ಪುತ್ತೇನೆ? ಇದನ್ನು ವಾದಕ್ಕೆ ಮುಂಚೆಯೇ ಬರೆಯಬೇಕು. ಬಿಸಿ ಏರಿದ ಮೇಲೆ ಬರೆದರೆ ಯಾವ ಸಾಕ್ಷಿಯೂ ಸಾಲದಾಗುತ್ತದೆ.

'ಏನು ಮಾಡಬೇಕು' ಎಂಬುದನ್ನು 'ಏನಾಗಿದೆ' ಎಂಬುದರ ಜೊತೆ ಬೆರೆಸುವುದಿಲ್ಲ. 'ಎಲ್ಲ ಶಾಲೆಗಳಲ್ಲೂ ಕನ್ನಡ ಮಾಧ್ಯಮ ಕಡ್ಡಾಯ ಮಾಡಲಿ' ಎನ್ನುವವರು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂಬ ಸುಪ್ರೀಂ ಕೋರ್ಟಿನ 2014ರ ತೀರ್ಪಿಗೆ ಮೊದಲು ಉತ್ತರ ಹುಡುಕಿಕೊಳ್ಳಬೇಕಾಗುತ್ತದೆ.

ವಿತಂಡವಾದಿಯನ್ನು ಗುರುತಿಸುವುದು ಸುಲಭ. 'ಹಾಗಾದರೆ ನಿಮ್ಮ ನಿಲುವು ಯಾವುದು?' ಎಂದು ಎರಡು ಸಲ ಕೇಳುತ್ತೇನೆ. ಎರಡು ಸಲವೂ ನನ್ನ ಮಾತಿನ ತಪ್ಪನ್ನೇ ಎಣಿಸಿದರೆ ನಾನು ನಿಲ್ಲಿಸುತ್ತೇನೆ. ಆದರೆ 'ಈ ಅಂಕಿ ಎಲ್ಲಿಂದ ತಂದಿರಿ?' ಎಂದಷ್ಟೇ ಕೇಳುವವರು ವಿತಂಡಿಗಳಲ್ಲ. ಅವರಿಗೆ ಕೋಷ್ಟಕದ ಹೆಸರು ಕೊಡಲೇಬೇಕು.

ಕೊನೆಯಲ್ಲಿ ಮೊದಲ ವಾಕ್ಯವನ್ನು ತಿದ್ದಿ ಬರೆಯುತ್ತೇನೆ. ಇಲ್ಲಿ ಅದು ಹೀಗಾಯಿತು: '2001ರಿಂದ 2011ರವರೆಗೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇ. 15ರಷ್ಟು ಹೆಚ್ಚಿದ್ದಾರೆ. ದೇಶದ ಉಳಿದ ಭಾಗದ ಜನಸಂಖ್ಯೆ ಇನ್ನೂ ವೇಗವಾಗಿ ಬೆಳೆದದ್ದರಿಂದ ಪಾಲು ತುಸು ಇಳಿದಿದೆ.' ಶಾಲೆಯದ್ದೂ ಬೆಂಗಳೂರಿನದ್ದೂ ಇದರಲ್ಲಿ ಬರಲಿಲ್ಲ. ಅವೆರಡಕ್ಕೂ ಬೇರೆ ಬೇರೆ ಹಾಳೆ.