ಮೈ ಕತ್ತಲು, ತುದಿ ಬೆಳಕು: ಹರಳಿನಲ್ಲಿ ಬೆಳಕು ಹರಿಸಿದ ನನ್ನ ಅನುಭವ

ಕಲ್ಲುಸಕ್ಕರೆಯೂ ಒಂದು ಸಾವಯವ ಹರಳೇ. ಸಾವಯವ ಅಂದರೆ ಇಲ್ಲಿ ಇಂಗಾಲವಿರುವ ಅಣುಗಳಿಂದ ಆದದ್ದು ಎಂದರ್ಥ. ನಾನು ಬೆಳೆಸುವ ಹರಳುಗಳೂ ಆ ಜಾತಿಯವೇ, ಆದರೆ ಕೂದಲೆಳೆಯಷ್ಟು ಸಣ್ಣ. ಇವುಗಳ ಒಳಗೆ ಬೆಳಕನ್ನು ಹರಿಸಬಹುದು.

ನಾನು ಶುರು ಮಾಡಿದ್ದು ಬಿಪಿಇಎ ಎಂಬ ವಸ್ತುವಿನಿಂದ. ಆಂತ್ರಸೀನ್ ಎಂಬ ಇಂಗಾಲದ ಸಂಯುಕ್ತದ ಕುಟುಂಬದ್ದು. ಮಡಚಿದರೆ ಹಸಿರಾಗಿ ಹೊಳೆಯುತ್ತದಲ್ಲ ಗ್ಲೋ ಸ್ಟಿಕ್, ಅದರಲ್ಲಿ ಬಳಸುವ ಬಣ್ಣ ಇದು. ಕರಗಿದಾಗ ಹಸಿರು ಬೆಳಕು. ಹರಳಾದ ಮೇಲೆ ಅಣುಗಳು ಒತ್ತೊತ್ತಾಗಿ ಕೂರುವುದರಿಂದ ಬೆಳಕು ಕಿತ್ತಳೆಗೆ ತಿರುಗುತ್ತದೆ.

ಬೆಳೆಸುವ ಕ್ರಮ ಸರಳ. ಪುಡಿಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಪುಟ್ಟ ಗಾಜಿನ ಬಾಟಲಿಗೆ ಹಾಕಬೇಕು. ಅದರ ಮೇಲೆ, ಬಾಟಲಿಯ ಗೋಡೆಗುಂಟ, ಎಥನಾಲನ್ನು ಹನಿಹನಿಯಾಗಿ ಇಳಿಸಬೇಕು. ಕ್ಲೋರೋಫಾರ್ಮ್ ಭಾರ, ಕೆಳಗೇ ಉಳಿಯುತ್ತದೆ. ಬಿಪಿಇಎ ಎಥನಾಲಿನಲ್ಲಿ ಜಾಸ್ತಿ ಕರಗುವುದಿಲ್ಲ. ಎರಡೂ ನಿಧಾನವಾಗಿ ಬೆರೆತ ಹಾಗೆ ನಡುವೆ ಸೂಜಿಗಳು ಮೂಡುತ್ತವೆ. ಆಮೇಲೆ ಸುಮ್ನೆ ಬಿಟ್ಟುಬಿಡಬೇಕು. ಇದೇ ಕಷ್ಟದ ಭಾಗ. ಮೊದಮೊದಲು ದಿನಕ್ಕೆ ನಾಲ್ಕು ಸಲ ಬಾಟಲಿ ಎತ್ತಿ ನೋಡುತ್ತಿದ್ದೆ. ಪದರಗಳು ಅಲುಗಾಡಿ ಬೇಗ ಬೆರೆತು, ತಳದಲ್ಲಿ ಬರೀ ಪುಡಿ ಕೂತಿತು. ಪಾಕವನ್ನು ಕಲಕುತ್ತಾ ಇದ್ದರೆ ಕಲ್ಲುಸಕ್ಕರೆ ಕಟ್ಟುವುದಿಲ್ಲ ಅಲ್ವಾ, ಹಾಗೆ. ಕೊನೆಗೆ ಬಾಟಲಿಗಳನ್ನು ಯಂತ್ರಗಳ ನಡುಕ ತಾಗದ ಮೂಲೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ವಾರದ ಮೇಲೆ ತೆಗೆದಾಗ ನಯವಾದ, ಉದ್ದನೆಯ ಸೂಜಿಗಳಿದ್ದವು.

ಒಂದು ಸೂಜಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ನಡುವಿಗೆ 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಲೇಸರ್ ಬಿಟ್ಟೆ. ಲೇಸರ್ ಬಿದ್ದ ಚುಕ್ಕೆ ಅದನ್ನು ಹೀರಿ ಕಿತ್ತಳೆಯಾಗಿ ಹೊಳೆಯಿತು. ದೂರದ ಎರಡೂ ತುದಿಗಳು ಕೆಂಡದ ಹಾಗೆ ಹೊತ್ತಿಕೊಂಡವು. ಚುಕ್ಕೆಗೂ ತುದಿಗಳಿಗೂ ನಡುವಿನ ಮೈ ಮಾತ್ರ ಕತ್ತಲು. ಹರಳಿನ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಗುಣ, ಗಾಳಿಗಿಂತ ಜಾಸ್ತಿ. ಹಾಗಾಗಿ ಓರೆಯಾಗಿ ಬಂದ ಬೆಳಕು ಗೋಡೆ ದಾಟಲಾಗದೆ ಒಳಗೊಳಗೇ ಪುಟಿಯುತ್ತಾ ತುದಿಗೆ ಬಂದು ಹೊರಬೀಳುತ್ತದೆ. ಆಪ್ಟಿಕಲ್ ಫೈಬರಿನಲ್ಲಿ ನಡೆಯುವುದೂ ಇದೇ.

ಮೈ ಕತ್ತಲಿದ್ದಷ್ಟೂ ಹರಳು ಒಳ್ಳೆಯದು. ಇದನ್ನು ಕಲಿತದ್ದು ಒಂದು ಹರಳು ಹಾಳಾದಾಗ. ಅದನ್ನು ಲೋಹದ ಚಿಮುಟದಿಂದ ಎತ್ತಿದ್ದೆ. ಬರಿಗಣ್ಣಿಗೆ ಏನೂ ಆಗಿರಲಿಲ್ಲ. ಲೇಸರ್ ಹಾಕಿದರೆ, ಚಿಮುಟ ಹಿಡಿದ ಜಾಗದಲ್ಲೇ ಒಂದು ಹೊಳೆಯುವ ಗೀರು, ಅದರಾಚೆಯ ತುದಿ ಮಂಕು. ಬೆಳಕೆಲ್ಲ ಆ ಗೀರಿನಿಂದ ಸೋರಿತ್ತು. ಅಂದಿನಿಂದ ಒಂದು ಹನಿ ಎಥನಾಲಿನ ಜೊತೆಗೇ ಹರಳನ್ನು ಗಾಜಿನ ಮೇಲೆ ಜಾರಿಸುತ್ತೇನೆ, ಮುಟ್ಟುವುದಿಲ್ಲ.

ನಷ್ಟ ಅಳೆಯಲು ಲೇಸರ್ ಚುಕ್ಕೆಯನ್ನು ತುದಿಯಿಂದ ಹೆಜ್ಜೆಹೆಜ್ಜೆಯಾಗಿ ದೂರ ಸರಿಸಿ, ಪ್ರತಿ ಸಲ ತುದಿಯ ಬೆಳಕನ್ನು ದಾಖಲಿಸಬೇಕು. ದೂರ ಹೋದಂತೆ ಬೆಳಕು ಕಡಿಮೆಯಾಗುವುದರ ಜೊತೆಗೆ ಬಣ್ಣವೂ ಕೆಂಪಿಗೆ ಸರಿಯುತ್ತದೆ. ಹರಳು ತಾನೇ ಹೊಮ್ಮಿಸಿದ ಬೆಳಕಿನ ಹಳದಿ ಭಾಗವನ್ನು ದಾರಿಯಲ್ಲಿ ತಾನೇ ಹೀರಿಕೊಳ್ಳುತ್ತದೆ. ಒಳ್ಳೆಯ ಗಾಜಿನ ಫೈಬರಿನಲ್ಲಿ 1550 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್, ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ, ಕಳೆದುಕೊಳ್ಳುತ್ತದೆ. ನಮ್ಮ ಹರಳುಗಳ ನಷ್ಟವನ್ನು ಲೆಕ್ಕ ಹಾಕುವುದೇ ಮಿಲಿಮೀಟರಿಗೆ. ಊರಿಂದೂರಿಗೆ ಮಾತು ಒಯ್ಯುವ ಕೆಲಸ ಇವುಗಳದ್ದಲ್ಲ. ಪುಟ್ಟ ಚಿಪ್ (chip) ಮೇಲೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಬೆಳಕನ್ನು ತಿರುಗಿಸುವುದು, ಹಂಚುವುದು ಇವುಗಳ ಕೆಲಸ.

ತಿರುಗಿಸಬೇಕಾದರೆ ಹರಳು ಬಾಗಬೇಕು. ಹರಳು ಅಂದರೆ ಒಡೆಯುವಂಥದ್ದು ಎಂದೇ ನಾನೂ ನಂಬಿದ್ದೆ. 2012ರಲ್ಲಿ ಕೋಲ್ಕತ್ತಾದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನವರು ಕೆಫೀನ್, ಅಂದರೆ ನಮ್ಮ ಕಾಫಿಯಲ್ಲಿರುವುದೇ, ಸೇರಿಸಿ ಬೆಳೆಸಿದ ಹರಳು ಬಾಗಿ ಮತ್ತೆ ನೇರವಾಗುವುದನ್ನು ತೋರಿಸಿದರು. ಹೈದರಾಬಾದ್ ವಿಶ್ವವಿದ್ಯಾಲಯದ ರಾಜದುರೈ ಚಂದ್ರಶೇಖರ್ ಅವರ ತಂಡ ಎಎಫ್‌ಎಂ ಎಂಬ, ಮೇಲ್ಮೈಯನ್ನು ತಡವಿ ನೋಡುವ ಯಂತ್ರದ ಸೂಕ್ಷ್ಮ ತುದಿಯಿಂದ ಇಂಥ ಹರಳುಗಳನ್ನು ತಳ್ಳಿ, ಬಗ್ಗಿಸಿ, ಒಂದರ ಪಕ್ಕ ಒಂದಿಟ್ಟು ಬೆಳಕಿನ ಸರ್ಕ್ಯೂಟ್‌ಗಳನ್ನೇ ಕಟ್ಟಿದೆ. ನಾನು ಸಣ್ಣ ಸೂಜಿಯಿಂದ ನನ್ನ ಹರಳನ್ನು ಮೆಲ್ಲಗೆ ಒತ್ತಿದೆ. ಬಿಲ್ಲಿನಂತೆ ಬಾಗಿತು. ಹೊಳೆಯುತ್ತಿದ್ದ ತುದಿ ಆರಲಿಲ್ಲ!

ಈಗ 1550ರ ಬೆಳಕನ್ನೇ ಹರಳಿಗೆ ತುಂಬಿಸಲು ನೋಡುತ್ತಿದ್ದೇನೆ. ಆ ಬೆಳಕನ್ನು ಹರಳು ತಾನೇ ಹೀರಿಕೊಳ್ಳುವ ತೊಂದರೆ ಇಲ್ಲ. ಆದರೆ ಆ ಬೆಳಕನ್ನು ತರುವ ಫೈಬರಿನ ತಿರುಳು ಬರೀ 9 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಅಗಲ. ಅದರ ಎದುರಿಗೆ ಹರಳಿನ ತುದಿ ಸರಿಯಾಗಿ ಕೂರಬೇಕು. ನಿನ್ನೆ ಇಡೀ ಮಧ್ಯಾಹ್ನ ಅದರಲ್ಲೇ ಹೋಯಿತು.