ಮಳೆಯಲ್ಲಿ ಮಿಯಾಟಾ ಜಾರುತ್ತಿತ್ತು, ಸರಿಹೋಗಿದ್ದು ಹೀಗೆ

ನನ್ನದು 2001ರ ಮಾಜ್ದಾ ಮಿಯಾಟಾ ಕಾರು, ಟೈರ್ ಸೈಜು 195/50 ಆರ್ 15. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಹಿಂಭಾಗ ಜಾರುತ್ತಿತ್ತು. ಗಾಳಿ ಇಳಿಸಿದೆ. ಅಲೈನ್‌ಮೆಂಟ್ ಮಾಡಿಸಿದೆ. ಆಫರ್‌ನಲ್ಲಿ ಸಿಕ್ಕ ಎರಡು ಹೊಸ ಟೈರ್ ಹಿಂದಕ್ಕೆ ಹಾಕಿಸಿದೆ. ಊಹ್ಞೂಂ.

ಕೊನೆಗೆ ಟಾರ್ಚ್ ಹಿಡಿದು ಆ ಟೈರಿನ ಪಕ್ಕದಲ್ಲಿ ಬರೆದಿದ್ದನ್ನು ಓದಿದೆ. ಡಿಒಟಿ ಸಾಲಿನ (ಟೈರಿನ ಗುರುತು ಸಂಖ್ಯೆ) ಕೊನೆಯ ನಾಲ್ಕು ಅಂಕಿ 1417. ಅಂದ್ರೆ 2017ರ 14ನೇ ವಾರದ ಮಾಲು, ನಾನು ಕೊಂಡಿದ್ದು 2023ರಲ್ಲಿ! ಟ್ರೆಡ್‌ವೇರ್, ಅಂದ್ರೆ ಟೈರ್ ಎಷ್ಟು ನಿಧಾನ ಸವೆಯುತ್ತದೆ ಅನ್ನೋ ಅಂಕಿ, 600. ಬಾಳಿಕೆ ಜಾಸ್ತಿ, ಹಿಡಿತ ಕಡಿಮೆ.

ಈ ಸಲ ಬೆಲೆ ಕೇಳುವ ಮೊದಲು ಇವನ್ನೇ ನೋಡಿದೆ: ಸಮ್ಮರ್ ಟೈರ್, ಟ್ರೆಡ್‌ವೇರ್ 300ರ ಆಸುಪಾಸು, ಟ್ರ್ಯಾಕ್ಷನ್ (ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗಿನ ಹಿಡಿತದ ದರ್ಜೆ) ಎಎ ಇಲ್ಲವೇ ಎ, ತಯಾರಾಗಿ ವರ್ಷ ದಾಟಿರಬಾರದು. ನಾಲ್ಕೂ ಒಂದೇ ಮಾದರಿ. (ಟ್ರೆಡ್‌ವೇರ್ 200ರದ್ದು ಬೇಗ ಸವೆಯುತ್ತೆ, ದಿನದ ಓಡಾಟಕ್ಕೆ ಸುಮ್ನೆ ದುಡ್ಡು ದಂಡ.) ಮೊದಲ 500 ಕಿ.ಮೀ. ನಿಧಾನವಾಗಿ ಓಡಿಸಿದೆ. ಟೈರ್ ತಣ್ಣಗಿರುವಾಗ ನಾಲ್ಕಕ್ಕೂ 26 ಪಿಎಸ್‌ಐ. ಜಾರುವುದು ನಿಂತಿತು. ಸಮ್ಮರ್ ಟೈರಿಗೆ ಚಳಿಯಲ್ಲಿ ಹಿಡಿತ ಕಡಿಮೆ, ಹಾಗಾಗಿ ತಾಪಮಾನ 7 ಡಿಗ್ರಿಗಿಂತ ಇಳಿದ ದಿನ ಮಾತ್ರ ಈ ಕಾರು ಹೊರಗೆ ತೆಗೆಯುವುದಿಲ್ಲ.